ಪದನಿಮಿತ್ತ ತಾಯಿ

ತನ್ನ ವಿದ್ಯಾರ್ಥಿಗಳೆಲ್ಲ ಹದಿನೆಂಟು ತುಂಬಿದವರು ಎಂಬ ನಂಬಿಕೆಯ ಮೇಲೆ ಆ ವಿಶ್ವವಿದ್ಯಾಲಯ ಸ್ಥಾಪನೆಯಾದಂದಿನಿಂದ ನೆಮ್ಮದಿಯಾಗಿ ನಡೆದುಕೊಂಡು ಬಂದಿತ್ತು. ಈ ನೆಮ್ಮದಿಗೆ ಭಂಗ ತಂದವಳು ಭೌತಶಾಸ್ತ್ರದ ಮೊದಲ ವರ್ಷದ ಒಬ್ಬ ಹುಡುಗಿ. ಶಾಲೆಯಲ್ಲಿ ಎರಡು ತರಗತಿ ಹಾರಿ ಬಂದಿದ್ದ ಅವಳಿಗಿನ್ನೂ ಹದಿನಾರು. ಗ್ರಂಥಾಲಯದ ಕಾರ್ಡಿಗೆ ಅರ್ಜಿ ಹಾಕಿದಾಗ ಈ ಲೋಪ ಬೆಳಕಿಗೆ ಬಂತು. ವಯಸ್ಸನ್ನು ಸರಿಪಡಿಸಲು ಕಾಯುವುದೊಂದೇ ದಾರಿ ಎಂದು ಕಾನೂನು ಸಲಹೆಗಾರರು ಲಿಖಿತ ಅಭಿಪ್ರಾಯ ಕೊಟ್ಟರು. ಅಲ್ಲಿಯವರೆಗೆ ಹುಡುಗಿಗೆ ಬೆಂಬಲ ನೀಡಲು ಕುಲಸಚಿವರು ಒಂದು ನಿಯಮಾವಳಿ ಹೊರಡಿಸಿದರು.

ಅದರಂತೆ ಅಪ್ರಾಪ್ತ ವಯಸ್ಸಿನ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಮಕ್ಕಳು. ಪರೀಕ್ಷಾ ವಿಭಾಗದ ಅಧೀಕ್ಷಕರು ಅವರ ಪದನಿಮಿತ್ತ ತಾಯಿ, ಲೆಕ್ಕಪತ್ರ ವಿಭಾಗದ ಅಧೀಕ್ಷಕರು ಪದನಿಮಿತ್ತ ತಂದೆ. ಆವರಣದಿಂದ ಹೊರಗೆ ಹೋಗುವ ಯಾವುದೇ ಪ್ರವಾಸಕ್ಕೆ ಇಬ್ಬರ ಸಹಿಯೂ ಕಡ್ಡಾಯ. ಹೆತ್ತವರ ವಿಷಯದಲ್ಲಿ ನಿಯಮಾವಳಿ ಮೌನವಾಗಿತ್ತು.

ಪರೀಕ್ಷಾ ಅಧೀಕ್ಷಕರು ಅವಿವಾಹಿತರು, ದಪ್ಪ ಮೀಸೆಯವರು. ಅಕ್ಕನ ಮಕ್ಕಳು ಮನೆಗೆ ಬಂದರೆ ಚಪ್ಪಲಿ ಸಾಲಾಗಿ ಬಿಡಿಸಿ ಒಳಗೆ ಕರೆಯುವಂಥವರು. ಆದರೆ ಆದೇಶ ಆದೇಶವೇ. ಅವರು ಹುಡುಗಿಯನ್ನು ಕೊಠಡಿಗೆ ಕರೆಸಿದರು.

"ಕೂತ್ಕೋ. ನಾನು ನಿನ್ನ ತಾಯಿ."

ಹುಡುಗಿ ಕೂತಳು. "ಯಾವಾಗಿಂದ ಸರ್?"

"ಸೋಮವಾರ ಪೂರ್ವಾಹ್ನದಿಂದ."

ತಾಯ್ತನವನ್ನು ಅವರು ಶ್ರದ್ಧೆಯಿಂದಲೇ ನಿರ್ವಹಿಸಿದರು. ಮಗು ಉಂಡಿದೆಯೇ ಎಂದು ದಿನಾ ವಿಚಾರಿಸಬೇಕಿತ್ತು. ಊಟದ ವಿರಾಮದಲ್ಲಿ ಕಚೇರಿಯ ಕೆಲಸ ಮಾಡುವ ಅಭ್ಯಾಸ ಅವರಿಗಿರಲಿಲ್ಲವಾದ್ದರಿಂದ ಬೆಳಿಗ್ಗೆ ಬಂದ ಕೂಡಲೇ ವಿಚಾರಿಸುತ್ತಿದ್ದರು. ಹುಡುಗಿ ಇನ್ನೂ ಇಲ್ಲ ಎನ್ನುತ್ತಿದ್ದಳು, ಅವರು 'ಇಲ್ಲ' ಎಂದು ಬರೆದು ಸಹಿ ಹಾಕುತ್ತಿದ್ದರು. ಕಡತದ ಪ್ರಕಾರ ಹುಡುಗಿ ಆ ತಿಂಗಳಿಡೀ ಒಂದು ಅಗುಳೂ ತಿಂದಿರಲಿಲ್ಲ. ಆದರೂ ಕೆನ್ನೆ ತುಂಬಿಕೊಂಡಿದ್ದನ್ನು ಕಂಡು ಅಧೀಕ್ಷಕರಿಗೆ ತಮ್ಮ ಆರೈಕೆಯ ಬಗ್ಗೆ ಸಮಾಧಾನವಾಯಿತು. ಲೆಕ್ಕಪತ್ರ ಅಧೀಕ್ಷಕರ ಪಿತೃತ್ವ ಇನ್ನೂ ಸರಳ. ಅವಳು ಎದುರಾದಾಗಲೆಲ್ಲ "ಅಮ್ಮನ್ನ ಕೇಳು" ಎಂದು ಪತ್ರಿಕೆಯೊಳಗೆ ಮುಖ ಹುದುಗಿಸುತ್ತಿದ್ದರು.

ಹೀಗಿರುವಾಗ ಪೂರ್ಣ ಸೂರ್ಯಗ್ರಹಣ ಬಂತು. ಭೌತಶಾಸ್ತ್ರದ ತರಗತಿಯೆಲ್ಲ ಬಸ್ಸಿನಲ್ಲಿ ಬೆಟ್ಟದ ಮೇಲಿನ ವೀಕ್ಷಣಾಲಯಕ್ಕೆ ಹೊರಟಿತ್ತು. ಹುಡುಗಿ ಅದಕ್ಕಾಗಿ ರಟ್ಟಿನ ಕೊಳವೆಯಲ್ಲಿ ತಾನೇ ಒಂದು ಉಪಕರಣ ಮಾಡಿ, ಅದನ್ನು ಕಂಕುಳಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದಳು. ಈ ಗ್ರಹಣ ಬಿಟ್ಟರೆ ಇಂಥದ್ದು ಮತ್ತೆ ಈ ಕಡೆ ಬರುವ ಹೊತ್ತಿಗೆ ತಾನು ಅಜ್ಜಿಯಾಗಿರುತ್ತೇನೆ ಎಂದು ಲೆಕ್ಕ ಮಾಡಿ ತೋರಿಸಿದಳು. ಅಧೀಕ್ಷಕರು ಲೆಕ್ಕವನ್ನು ಪರಿಶೀಲಿಸಿದರು. ಸರಿಯಾಗಿತ್ತು. ಅವರು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ರಜಾ ವಿಭಾಗದ ಗುಮಾಸ್ತ ಒಳಗೆ ಬಂದ.

"ಸರ್, ನಿಮಗೆ ಹೆರಿಗೆ ರಜೆ ಬಾಕಿ ಇದೆ. ಈಗ ತಗೊಳ್ದಿದ್ರೆ ಹೋಗಿಬಿಡುತ್ತೆ."

"ಹೆತ್ತಿದ್ದು ನಾನಲ್ಲಪ್ಪ."

"ತಾಯಿ ಅಂತ ಮಾತ್ರ ಇದೆ ಸರ್. ಹೆತ್ತಿರಬೇಕು ಅಂತ ಎಲ್ಲೂ ಇಲ್ಲ. ಆರು ತಿಂಗಳು, ಪೂರ್ತಿ ಸಂಬಳ."

ಅಧೀಕ್ಷಕರು ಅವನನ್ನು ಬಾಗಿಲಿಂದಾಚೆ ಕಳಿಸಿದರು. ಅವನು ನೇರವಾಗಿ ಲೆಕ್ಕಪತ್ರ ವಿಭಾಗಕ್ಕೆ ಹೋದ.

ಅಪರಾಹ್ನ ಲೆಕ್ಕಪತ್ರ ಅಧೀಕ್ಷಕರು ತಮ್ಮ ಹಕ್ಕು ಮಂಡಿಸಿದರು. ಇಬ್ಬರೂ ಸೇವೆಗೆ ಸೇರಿದ್ದು ಒಂದೇ ದಿನ, ಆದರೆ ತಾವು ಪೂರ್ವಾಹ್ನ, ಅವರು ಅಪರಾಹ್ನ. ಆದ್ದರಿಂದ ಜ್ಯೇಷ್ಠತೆಯ ಪ್ರಕಾರ ತಾಯ್ತನ ತಮಗೇ ಸಲ್ಲಬೇಕು. ತಮ್ಮನ್ನು ತಂದೆಯ ಸ್ಥಾನಕ್ಕೆ ಇಳಿಸಿ ಮಾನಸಿಕ ಹಿಂಸೆ ಕೊಡಲಾಗಿದೆ. ಕುಲಸಚಿವರು ಎರಡೂ ಕಡೆಯವರನ್ನು ಕೇಳಿ ಸುತ್ತೋಲೆ ಹೊರಡಿಸಿದರು:

"ವಿವಾದ ಇತ್ಯರ್ಥವಾಗುವವರೆಗೆ ಯಾರೂ ತಾಯಿಯಂತೆ ವರ್ತಿಸತಕ್ಕದ್ದಲ್ಲ. ವಾತ್ಸಲ್ಯ ಕಂಡುಬಂದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು."

ಇದರಿಂದ ಹುಡುಗಿ ಅಧಿಕೃತವಾಗಿ ತಬ್ಬಲಿಯಾದಳು. ವಿದ್ಯಾರ್ಥಿಯ ತಾಯಿ ಇಲ್ಲವಾದಾಗ ಸಂತಾಪ ಸಭೆ ನಡೆಸುವುದು ಹಿಂದಿನಿಂದ ಬಂದ ಪದ್ಧತಿಯಾದ್ದರಿಂದ ಅದನ್ನೂ ನಡೆಸಲಾಯಿತು. ಅಗಲಿದ ತಾಯಿ ಎರಡನೇ ಸಾಲಿನಲ್ಲಿ ಎದ್ದು ನಿಂತು ಮೌನ ಆಚರಿಸಿದರು. ತಮ್ಮ ಬಗ್ಗೆ ಇಷ್ಟು ಒಳ್ಳೆಯ ಮಾತುಗಳನ್ನು ಸೇವಾವಧಿಯಲ್ಲಿ ಅವರು ಕೇಳಿರಲಿಲ್ಲ. ಗ್ರಹಣವನ್ನು ಒಂದು ತಿಂಗಳು ಮುಂದೂಡಬೇಕೆಂದು ವೀಕ್ಷಣಾಲಯಕ್ಕೆ ಕಳಿಸಿದ ಪತ್ರಕ್ಕೆ, ವಿಷಯ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ಬಂತು. ಯಾರ ವ್ಯಾಪ್ತಿ ಎಂದು ತಿಳಿಸಿರಲಿಲ್ಲ.

ಈ ಹಂತದಲ್ಲಿ ಹುಡುಗಿಯ ಹೆತ್ತಮ್ಮ ಕಚೇರಿಗೆ ಬಂದರು. ಅವರು ಕಾರು ಕಲಿಸುವ ಶಾಲೆಯಲ್ಲಿ ಶಿಕ್ಷಕಿ. ಎದುರಿಗೆ ಲಾರಿ ಬರುತ್ತಿದ್ದಾಗಲೂ ಪಕ್ಕದವರೊಡನೆ ಮೆಲ್ಲಗೆ ಮಾತಾಡಿ ಅಭ್ಯಾಸವಾದವರು. ತಾವೇ ಸಹಿ ಹಾಕುವುದಾಗಿ ಹೇಳಿದರು. ಪರೀಕ್ಷಾ ಅಧೀಕ್ಷಕರು ಸೌಜನ್ಯದಿಂದಲೇ ವಿವರಿಸಿದರು: ಹುದ್ದೆ ವಿವಾದದಲ್ಲಿದೆ, ಹೊರಗಿನವರನ್ನು ಹಿಂಬಾಗಿಲಿನಿಂದ ತಾಯಿ ಮಾಡಲು ಬರುವುದಿಲ್ಲ. ಅಮ್ಮನ ಹಿಂದೆ ನಿಂತಿದ್ದ ಹುಡುಗಿ ಮುಂದೆ ಬಂದಳು. ರಟ್ಟಿನ ಕೊಳವೆಯನ್ನು ಅವರ ಮೇಜಿನ ಮೇಲಿಟ್ಟಳು.

"ನೀವೇ ಇಟ್ಕೊಳ್ಳಿ ಸರ್. ಆ ಹೊತ್ತಿಗೆ ಕಿಟಕೀಲಿ ಸ್ವಲ್ಪ ಕಾಣುತ್ತೆ."

ಹುಡುಗಿಯ ತಲೆ ಸವರಲು ಅಧೀಕ್ಷಕರ ಕೈ ಮೇಲೆದ್ದಿತು. ಸುತ್ತೋಲೆಯ ಪ್ರಕಾರ ಅದು ಶಿಸ್ತುಕ್ರಮಕ್ಕೆ ಅರ್ಹ. ಅದೇ ಕೈಯಲ್ಲಿ ಮೀಸೆ ತೀಡಿಕೊಂಡರು. ಆಮೇಲೆ ಒಂದು ಬಿಳಿ ಹಾಳೆ ಎಳೆದುಕೊಂಡು, ತಾಯ್ತನದ ಮೇಲಿನ ತಮ್ಮ ಹಕ್ಕನ್ನು ಲೆಕ್ಕಪತ್ರ ಅಧೀಕ್ಷಕರ ಪರವಾಗಿ ಬಿಟ್ಟುಕೊಟ್ಟಿರುವುದಾಗಿ ಬರೆದುಕೊಟ್ಟರು. ಹೊಸ ತಾಯಿ ಅಧಿಕಾರ ವಹಿಸಿಕೊಂಡ ಕೂಡಲೇ ಏನು ಮಾಡುತ್ತಾರೆಂದು ಅವರಿಗೆ ಗೊತ್ತಿತ್ತು. ಲೆಕ್ಕಪತ್ರ ಅಧೀಕ್ಷಕರು ಅದನ್ನೇ ಮಾಡಿದರು. ಸಂಜೆಯೊಳಗೆ ಹೆರಿಗೆ ರಜೆಯ ಮೇಲೆ ಹೋದರು. ಸಹೋದ್ಯೋಗಿಗಳು ಹೂಗುಚ್ಛ ಕೊಟ್ಟು, ಚೆನ್ನಾಗಿ ವಿಶ್ರಾಂತಿ ತೆಗೆದುಕೊಳ್ಳುವಂತೆ, ಭಾರ ಎತ್ತದಂತೆ ಹೇಳಿ ಕಳಿಸಿದರು.

ರಜೆಯಿಂದ ತೆರವಾದ ಹುದ್ದೆಗೆ ಅತಿಥಿಗಳನ್ನು ನೇಮಿಸಲು ಅವಕಾಶವಿದೆ. ಮರುದಿನ ಪ್ರಕಟಣೆ, ಅದರ ಮರುದಿನ ಸಂದರ್ಶನ. ಬಸ್ಸು ಹೊರಡುವುದು ಅದೇ ಸಂಜೆ. 'ಅತಿಥಿ ತಾಯಿ' ಹುದ್ದೆಗೆ ಇಬ್ಬರು ಅರ್ಜಿ ಹಾಕಿದ್ದರು: ಹೆತ್ತಮ್ಮ, ಮತ್ತು ಮಾತೃತ್ವದ ಮೇಲೆ ಮಹಾಪ್ರಬಂಧ ಬರೆದ ವಿದುಷಿ.

ಹುದ್ದೆಗೆ ಯಾಕೆ ಬರುತ್ತಿದ್ದೀರಿ ಎಂದು ಸಮಿತಿ ಹೆತ್ತಮ್ಮನನ್ನು ಕೇಳಿತು. ಮಗಳು ನನ್ನವಳು ಎಂದರು. 'ಸ್ವಹಿತಾಸಕ್ತಿ ಇದೆ' ಎಂದು ಅಧ್ಯಕ್ಷರು ಗುರುತು ಹಾಕಿಕೊಂಡರು. ಹದಿನಾರು ವರ್ಷದ ಅನುಭವಕ್ಕೆ ಪ್ರಮಾಣಪತ್ರ ಇರಲಿಲ್ಲ. ಅದನ್ನು ಕೊಡಬಹುದಾಗಿದ್ದ ಏಕೈಕ ವ್ಯಕ್ತಿ ಅಪ್ರಾಪ್ತಳು. ವಿದುಷಿ ಮೊದಲ ಸ್ಥಾನ ಪಡೆದರು, ಹೆತ್ತಮ್ಮ ಕಾಯುವ ಪಟ್ಟಿಯಲ್ಲಿ ಮೊದಲಿಗರಾದರು. ಹುಡುಗಿ ಹೊರಗೆ ಬೆಂಚಿನ ಮೇಲೆ ಬೂಟಿನ ದಾರ ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ ಮಾಡುತ್ತಿದ್ದಳು.

ಆದರೆ ವಿದುಷಿ ಹೆರಿಗೆ ರಜೆ ಸಿಗುತ್ತದೆಯೇ ಎಂದು ಕೇಳಿದರು. ಅತಿಥಿಗಳಿಗೆ ಇಲ್ಲ ಎಂದು ಗೊತ್ತಾದ ಮೇಲೆ, ರಜೆಯಿಲ್ಲದ ತಾಯ್ತನ ತಮ್ಮ ಸಂಶೋಧನೆಗೆ ವಿರುದ್ಧವೆಂದು ಎದ್ದು ಹೋದರು. ನೇಮಕ ಪತ್ರ ಹೆತ್ತಮ್ಮನ ಕೈಗೆ ಬಂತು. ಜೊತೆಗೆ ಮುಚ್ಚಳಿಕೆ: ತಾತ್ಕಾಲಿಕವಾಗಿ ಸಲ್ಲಿಸಿದ ಸೇವೆಯ ಆಧಾರದ ಮೇಲೆ ಮುಂದೆ ಯಾವತ್ತೂ ಖಾಯಂ ತಾಯ್ತನ ಕೇಳುವುದಿಲ್ಲ.

ಅವರು ನಿಧಾನವಾಗಿ ಓದಿ ಸಹಿ ಹಾಕಿದರು. "ಇಷ್ಟೇನಾ? ಮೊದಲನೇ ಸಲ ಇದಕ್ಕಿಂತ ಕಷ್ಟ ಆಗಿತ್ತು."

ಇನ್ನು ತಂದೆಯ ಸಹಿ. ತಂದೆ ತಾಯಿಯಾಗಿ ಹೋಗಿದ್ದರಿಂದ ಆ ಸ್ಥಾನ ಖಾಲಿಯಾಗಿತ್ತು. ಕುಲಸಚಿವರು ಪರೀಕ್ಷಾ ಅಧೀಕ್ಷಕರನ್ನೇ ಪ್ರಭಾರ ತಂದೆಯನ್ನಾಗಿ ನೇಮಿಸಿ, ತಾಯಿ ಹೊಸಬರಾದ್ದರಿಂದ ತಂದೆಯೂ ಪ್ರವಾಸದಲ್ಲಿ ಜೊತೆಗಿರತಕ್ಕದ್ದು ಎಂದು ಷರತ್ತು ಹಾಕಿದರು. ಅಧೀಕ್ಷಕರು ಸಹಿ ಹಾಕಿ, ಮಫ್ಲರ್ ಸುತ್ತಿಕೊಂಡು, ರಟ್ಟಿನ ಕೊಳವೆ ಹಿಡಿದು ಬಸ್ಸು ಹತ್ತಿದರು. ಹುಡುಗಿ ಕಿಟಕಿಯ ಪಕ್ಕ, ನಡುವೆ ಅತಿಥಿ ತಾಯಿ, ಈಚೆ ಪ್ರಭಾರ ತಂದೆ.

ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿಕೊಂಡು ಒಬ್ಬರು ಹುಡುಗಿಯ ಸ್ವೆಟರ್ ಹಿಡಿದು ನಿಂತಿದ್ದರು. ಕಾವಲುಗಾರ ಯಾರೆಂದು ಕೇಳಿದ. ಹುಡುಗಿಯ ತಂದೆ ಎಂದರು.

"ತಂದೆ ತಾಯಿ ಇಬ್ಬರೂ ಬಸ್ಸಲ್ಲಿದಾರಲ್ಲ ಸ್ವಾಮಿ," ಎಂದ ಕಾವಲುಗಾರ.

ಆತ ಬಸ್ಸಿನೊಳಗೆ ನೋಡಿದರು. ತಮ್ಮ ಹೆಂಡತಿಯನ್ನು ನೋಡಿದರು, ಮೀಸೆಯವರನ್ನು ನೋಡಿದರು. ಸ್ವಲ್ಪ ಯೋಚಿಸಿ, ಸ್ವೆಟರನ್ನು ಕಿಟಕಿಯಲ್ಲಿ ಕೊಟ್ಟು, ಅರ್ಜಿ ಯಾವಾಗ ಕರೆಯುತ್ತಾರೆ ಎಂದು ವಿಚಾರಿಸಿದರು. ಮುಂದಿನ ವರ್ಷದ ಆರಂಭದಲ್ಲಿ, ಅನುಭವದ ಪ್ರಮಾಣಪತ್ರ ಲಗತ್ತಿಸಲು ಮರೆಯಬೇಡಿ ಎಂದು ಅಧೀಕ್ಷಕರು ತಿಳಿಸಿದರು. ಆತ ಅಂಗೈ ಮೇಲೆ ಬರೆದುಕೊಂಡು ಉಪಕಾರವಾಯಿತು ಎಂದರು.

ಬಸ್ಸು ಹೊರಟಿತು. ಹುಡುಗಿ ಕಿಟಕಿಯಾಚೆ ಕೈಬೀಸಿ, "ಅಪ್ಪಾ, ಬರ್ತೀನಿ," ಎಂದಳು.

"ಆಗಲಿ," ಎಂದರು ಅಧೀಕ್ಷಕರು.