ರುದ್ರಮುನಿಯ ಸುರಂಗಪೆಟ್ಟಿಗೆ

ಗುಳೇದಗುಡ್ಡದ ರುದ್ರಮುನಿ ತನ್ನ ಹೊಸ ಯಂತ್ರದ ಮೇಲಿನ ಟವೆಲನ್ನು ಎಳೆದಾಗ ಹೆಂಡತಿ ಕಾಶವ್ವನಿಗೆ ಮೊದಲು ಕಂಡದ್ದು ತನ್ನ ಕುಕ್ಕರು. ಎರಡು ದಿನದಿಂದ ಅದನ್ನು ಹುಡುಕುತ್ತಿದ್ದಳು!

"ಕುಕ್ಕರ್ ಅನಬ್ಯಾಡ, ಇದು ಸುರಂಗಪೆಟ್ಟಿಗಿ!" ಅಂದ ರುದ್ರಮುನಿ. "ಕಂಪ್ಯೂಟರ್ ಮಂದಿ ಇದಕ್ಕ ವಿಪಿಎನ್ ಅಂತಾರ. ನಮ್ಮ ಮನಿಯಿಂದ ನಿಮ್ಮ ಸಂಘದ ಕಂಪ್ಯೂಟರ್ ತನಕಾ ಗುಪ್ತ ದಾರಿ. ನೀ ಮಂಚದ ಮ್ಯಾಲ ಕುಂತ ಆಫೀಸಿನ ಕೆಲಸ ಮಾಡು. ನಡುವ ಯಾವ ಕಳ್ಳನೂ ಇಣುಕಂಗಿಲ್ಲ!"

"ಮತ್ತ ಬ್ಯಾಳಿ ಎದರಾಗ ಕುದಸ್ಲಿ?"

ಕಾಶವ್ವ ರವಿಕೆಯ ಖಣ ನೇಯುವವರ ಸಂಘದ ಕಾರ್ಯದರ್ಶಿ. ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಹೊಸ ಖಣದ ನಕ್ಷೆ ಇದ್ದದ್ದು ಸಂಘದ ಮಾಳಿಗೆಯ ಮೇಲಿನ ಕಂಪ್ಯೂಟರಿನಲ್ಲಿ. ಹೋದ ವರ್ಷ ಯಾರೋ ನಕ್ಷೆ ಕದ್ದ ಮೇಲೆ, ಕಾರ್ಯದರ್ಶಿಯ ಹೊರತು ಯಾರೂ ಅದನ್ನು ತೆರೆಯಬಾರದೆಂದು ಠರಾವಾಗಿತ್ತು. ಇವತ್ತು ಸಂಜೆ ಐದರೊಳಗೆ ನಕ್ಷೆ ಹುಬ್ಬಳ್ಳಿಯ ವ್ಯಾಪಾರಿಗೆ ಮುಟ್ಟದಿದ್ದರೆ ಹದಿನಾರು ಮಗ್ಗಗಳ ಆರು ತಿಂಗಳ ಕೆಲಸ ಬೇರೆ ಊರಿನ ಪಾಲು. ಈ ಚಿಂತೆಯಲ್ಲಿ ಅವಳಿಗೆ ಊಟ ಸೇರುತ್ತಿರಲಿಲ್ಲ. ಹಾಗಾಗಿ ಕುಕ್ಕರಿನ ದುಃಖವನ್ನು ನುಂಗಿಕೊಂಡಳು.

"ಗುಟ್ಟಿನ ಮಾತು ಹೇಳಿದ್ರ ಪೆಟ್ಟಿಗಿ ದಾರಿ ಬಿಡತೈತಿ. ಅದೂ ನಿನ್ನ ದನಿಯಾಗ ಮಾತ್ರ. ಒಂದು ವಾರದ ನಿನ್ನ ಬೈಗಳ ಕೇಳಿಸಿ ದನಿ ಕಲಿಸೀನಿ! ಗುಟ್ಟಿನ ಮಾತು ಯಾವುದು ಗೊತ್ತೇನು? ನನ್ನ ಹೆಸರು!"

ಕಾಶವ್ವ ಸೆರಗನ್ನು ಬಾಯಿಗೆ ಹಿಡಿದಳು. "ಅಯ್ಯ, ಅದನ್ನ ನಾ ಹೆಂಗ ಹೇಳ್ಲಿರಿ?"

"ಅದಕ್ಕ ಇಟ್ಟೀನಿ! ಮೂವತ್ತು ವರ್ಷದಾಗ ನಿನ್ನ ಬಾಯಿಂದ ಯಾರೂ ಕೇಳದ ಮಾತು. ಕಳ್ಳ ಎಲ್ಲಿಂದ ಕದ್ದಾನು? ಭದ್ರತೆ ಅಂದ್ರ ಹಿಂಗಿರಬೇಕ!"

ಗಂಡನ ಹೆಸರನ್ನು ಬಾಯಲ್ಲಿ ಆಡಬಾರದೆಂಬ ಪದ್ಧತಿಯಲ್ಲಿ ಬೆಳೆದವಳು ಕಾಶವ್ವ. ಮದುವೆಯ ದಿನ ಹೆಂಗಸರೆಲ್ಲ ಹೊಸ್ತಿಲಲ್ಲಿ ಅಡ್ಡಗಟ್ಟಿದಾಗ, ಪ್ರಾಸದ ಎರಡು ಸಾಲು ಕಟ್ಟಿ, ಅದರೊಳಗೆ ಅವನ ಹೆಸರು ಸೇರಿಸಿ ಒಡಪು ಹಾಕಿದ್ದೇ ಕೊನೆ. ರುದ್ರಮುನಿಯೇನು ಕಡಿಮೆಯಲ್ಲ. ಅವಳನ್ನು ಕರೆಯುತ್ತಿದ್ದದ್ದು "ಏ, ಕೇಳಿಲ್ಲಿ" ಅಂತಲೇ.

ಅವನು ತಂತಿ ಬಿಗಿಯಲು ಅಂಗಳಕ್ಕೆ ಹೋದ. ಪೆಟ್ಟಿಗೆ ಗಂಟಲು ಸರಿಮಾಡಿಕೊಂಡು ಕೇಳಿತು: "ಯಜಮಾನರ ಹೆಸರು ಹೇಳ್ರಿ!"

"ಅವರು," ಅಂದಳು ಕಾಶವ್ವ.

ಕುಕ್ಕರು ಸೀಟಿ ಹಾಕಿತು. "ತಪ್ಪು!"

"ನಮ್ಮ ಮನಿಯವರು."

ಎರಡನೇ ಸೀಟಿ!

"ಕುಕ್ಕರ್ ಕದ್ದವರು!"

ಮೂರನೇ ಸೀಟಿ ಬಿದ್ದದ್ದೇ ತಡ, "ಶತ್ರು ಬಂದಾನ!" ಎಂದು ಪೆಟ್ಟಿಗೆ ಕಿರುಚಿತು. ಫ್ಯಾನು ನಿಂತಿತು, ಟಿವಿ ಕಪ್ಪಾಯಿತು, ಮುಂಬಾಗಿಲಿನ ಚಿಲಕ ತಾನಾಗಿ ಬಿತ್ತು. ಹೆಚ್ಚಿನ ಭದ್ರತೆಗೆಂದು ಚಿಲಕವನ್ನೂ ಪೆಟ್ಟಿಗೆಗೆ ಜೋಡಿಸಿದ ಜಾಣ ರುದ್ರಮುನಿ ಈಗ ಹೊರಗೆ!

ಅವನು ಕಿಟಕಿಗೆ ಬಾಯಿಟ್ಟು "ರುದ್ರಮುನಿ! ರುದ್ರಮುನಿ!" ಎಂದು ಕೂಗಿದ.

"ಗಂಡಸಿನ ದನಿ. ಕಳ್ಳ!" ಎಂದ ಪೆಟ್ಟಿಗೆ ಅವನ ಮುಖಕ್ಕೆ ಬಿಸಿ ಉಗಿ ಬಿಟ್ಟಿತು. ಹುರಿಮಾಡಿದ ಮೀಸೆ ಜೋತುಬಿತ್ತು. ಓಣಿಗೆ ಓಣಿಯೇ ಬಂದು ನಿಂತಿತು.

"ನಿಮ್ಮ ಹೆಸರು ನಮಗ ಗೊತ್ತೈತಿ ಬಿಡ್ರಿ!" ಅಂದಳು ಪಕ್ಕದ ಮನೆಯ ದಾನವ್ವ.

ಒಳಗೆ ಫೋನ್ ಬಡಿದುಕೊಂಡಿತು. ಸಂಘದಿಂದ ನೇಕಾರ ಈರಣ್ಣ. "ಅಕ್ಕಾರ, ಐದಕ್ಕ ಮೂರೇ ನಿಮಿಷ ಐತ್ರಿ. ಹುಬ್ಬಳ್ಳಿಯವರು ಬಾಗಲಕೋಟಿಯವರಿಗೆ ಕೊಡ್ತೀವಿ ಅನ್ನಾಕತ್ಯಾರ."

ಕಾಶವ್ವನಿಗೆ ಅಳು ಬಂತು, ಸಿಟ್ಟೂ ಬಂತು. ಹದಿನಾರು ಮಗ್ಗಗಳು ಕಣ್ಣ ಮುಂದೆ ಬಂದವು. ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚಿ, ಹೊಸ್ತಿಲಲ್ಲಿ ನಿಂತ ಮದುಮಗಳ ಧಾಟಿಯಲ್ಲಿ ಗಟ್ಟಿಯಾಗಿ ಹೇಳಿದಳು:

"ಹಸಿರು ಖಣಕ್ಕ ಕೆಂಪು ಅಂಚು ಹಾಕೀನಿ,
ರುದ್ರಮುನಿಯವರ ಯಂತ್ರದ ಕೂಡ ಮೂವತ್ತು ವರ್ಷ ಬಾಳೀನಿ!"

"ವಾಹ್!" ಅಂದಿತು ಪೆಟ್ಟಿಗೆ. ಕಪ್ಪಾಗಿದ್ದ ಟಿವಿಯ ಪರದೆಯ ಮೇಲೆ ನಕ್ಷೆ ತೆರೆದುಕೊಂಡಿತು, ನಾಲ್ಕು ಐವತ್ತೊಂಬತ್ತಕ್ಕೆ ಹುಬ್ಬಳ್ಳಿ ಮುಟ್ಟಿತು. ಕಿಟಕಿಯಾಚೆ ರುದ್ರಮುನಿ ಜೋತುಬಿದ್ದ ಮೀಸೆ ಹಿಡಿದುಕೊಂಡು ಹಾಗೇ ನಿಂತಿದ್ದ. ಅವನ ಕಣ್ಣುಗಳು ಒದ್ದೆಯಾಗಿದ್ದವು. ಉಗಿಯಿಂದ ಅಂತ ಆಮೇಲೆ ಎಲ್ಲರಿಗೂ ಹೇಳಿದ.

ಆರ್ಡರು ಸಿಕ್ಕಿತು. ಆದರೆ ತಾನೇ ಕಲಿಯುವ ಆ ಪೆಟ್ಟಿಗೆಗೆ ಒಡಪಿನ ರುಚಿ ಹತ್ತಿಬಿಟ್ಟಿತು! ಈಗ ಯಾರು ಬಂದರೂ ಒಡಪು ಹಾಕದೆ ಚಿಲಕ ತೆಗೆಯುವುದಿಲ್ಲ. ಹಾಲಿನವನು ಎಮ್ಮೆಯ ಹೆಸರಿನಲ್ಲಿ ಒಡಪು ಕಟ್ಟಿದ್ದಾನೆ. ಯಂತ್ರವನ್ನು ಬಿಚ್ಚಿ ಸರಿಮಾಡೋಣವೆಂದರೆ ಸ್ಕ್ರೂಡ್ರೈವರುಗಳೆಲ್ಲ ಟ್ರಂಕಿನಲ್ಲಿ, ಟ್ರಂಕಿನ ಕೀಲಿ ಕಾಶವ್ವನ ಸೊಂಟದಲ್ಲಿ.

ದಿನಾ ಸಂಜೆ ಓಣಿಯ ಮಂದಿಯ ಎದುರು ರುದ್ರಮುನಿ ತನ್ನದೇ ಬಾಗಿಲಲ್ಲಿ ನಿಲ್ಲುತ್ತಾನೆ.

"ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ, ಬೆಣ್ಣಿ ಮ್ಯಾಲ ಖಾರದ ಪುಡಿ,
ಕಾಶವ್ವ ಇಲ್ಲದ ಮನಿ ಅಂದ್ರ ದೀಪ ಇಲ್ಲದ ಗುಡಿ!"

"ಇದು ನಿನ್ನಿ ಒಡಪು. ಹೊಸಾದು ಹೇಳ್ರಿ!" ಅನ್ನುತ್ತದೆ ಪೆಟ್ಟಿಗೆ.

ಕಾಶವ್ವ ಒಳಗೆ ರೊಟ್ಟಿ ತಿರುವಿ ಹಾಕುತ್ತಾ ಅನ್ನುತ್ತಾಳೆ: "ಭದ್ರತೆ ಅಂದ್ರ ಹಿಂಗಿರಬೇಕ."