ಕದ್ದರೆ ಮಾತ್ರ ಬರುವ ಸುಗಂಧಿ

ಉಪಕಾರ ಮಾಡಿದವರಿಗೆ ಕೃತಜ್ಞತೆ ಹೇಳುವುದು ಬಹಳ ಸುಲಭದ ಕೆಲಸ ಎಂದು ನಾನು ನಂಬಿಕೊಂಡಿದ್ದೆ. ಎದುರಿಗೆ ನಿಂತು, ಸ್ವಲ್ಪ ಹಲ್ಲು ಬಿಟ್ಟು, ‘ತುಂಬಾ ಥ್ಯಾಂಕ್ಸ್’ ಅಂದರೆ ಮುಗಿಯಿತು. ಆದರೆ ಕದ್ದ ಮಾಲಿಗೆ ಯಾರಾದರೂ ಥ್ಯಾಂಕ್ಸ್ ಹೇಳುವುದುಂಟೇ? ಮಡಿಕೇರಿಯ ಕೋರ್ಟಿನಲ್ಲಿ ಗುಮಾಸ್ತನಾಗಿ ಕೂದಲು ನರೆಸಿಕೊಂಡ ನನಗೆ ಇಂಥ ಸಂಕಟ ಬರುತ್ತದೆಂದು ಯಾರು ಎಣಿಸಿದ್ದರು!

ಎಲ್ಲ ಶುರುವಾದದ್ದು ಅವ್ವನಿಂದ. ಶಿರಂಗಾಲದ ಅಣ್ಣನ ಮನೆಯಲ್ಲಿದ್ದ ಅವ್ವ ಹೋದ ಬೇಸಿಗೆಯಲ್ಲಿ ನಮ್ಮಲ್ಲಿಗೆ ಬಂದಳು. ಕಣ್ಣಿನ ನರ ಸೋತಿದೆ, ಕನ್ನಡಕ, ಆಪರೇಷನ್ ಯಾವುದರಿಂದಲೂ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಣ್ಣನ ಮನೆಯಲ್ಲಿ ಮಲ್ಲಿಗೆಯ ವಾಸನೆ ಹಿಡಿದು ಬಾವಿಕಟ್ಟೆಗೆ, ಮರುಗದ ವಾಸನೆ ಹಿಡಿದು ಹಿತ್ತಲ ಬಾಗಿಲಿಗೆ ಸಲೀಸಾಗಿ ಓಡಾಡುತ್ತಿದ್ದವಳು ಇಲ್ಲಿ ಕುರ್ಚಿ ಬಿಟ್ಟು ಏಳಲೇ ಇಲ್ಲ. “ನಿಮ್ಮನೆ ಅಂಗಳಕ್ಕೆ ವಾಸ್ನೇನೇ ಇಲ್ವಲ್ಲೋ. ಎಲ್ಲಿ ನಿಂತಿವ್ನಿ ಅಂತ ಹೆಂಗೆ ಗೊತ್ತಾಗ್ಬೇಕು?” ಎಂದಳು. ಬರಬರುತ್ತಾ ಊಟವನ್ನೂ ಕಡಿಮೆ ಮಾಡಿದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಸರಿ, ತೋಟಗಾರಿಕೆಗೆ ಇಳಿದೆ. ಶಿರಂಗಾಲದಿಂದ ತಂದ ಮಲ್ಲಿಗೆ ಮಡಿಕೇರಿಯ ಚಳಿಗೆ ಮುನಿಸಿಕೊಂಡು, ಬಿಟ್ಟ ನಾಲ್ಕು ಮೊಗ್ಗನ್ನೂ ಕಂದಿಸಿ ಉದುರಿಸಿತು. ನರ್ಸರಿಯವನ ಮಾತು ಕೇಳಿ ಗುಲಾಬಿ ತಂದೆ. ಸೇಬಿನಷ್ಟು ದಪ್ಪ ಹೂ. ಅವ್ವ ಅದನ್ನು ಮೂಗಿಗೆ ಒತ್ತಿ ಹಿಡಿದು, “ಪ್ಲಾಸ್ಟಿಕ್ಕಿಂದಾ?” ಎಂದು ನನ್ನ ಮನಸ್ಸು ನೋಯದಂತೆ ಮೆಲ್ಲಗೆ ಕೇಳಿದಳು. ಸಂಪಿಗೆ ಹಾಕೋಣವೆಂದರೆ ನನ್ನ ಹೆಂಡತಿ, “ಅದು ಹೂ ಬಿಡೋ ಹೊತ್ತಿಗೆ ಆ ಕುರ್ಚಿ ಮೇಲೆ ನೀವು ಕೂತಿರ್ತೀರಿ” ಎಂದಳು. ಇಷ್ಟಕ್ಕೂ ನಮ್ಮ ಮಳೆ, ಮಂಜು, ಚಳಿ ಎಲ್ಲವನ್ನೂ ಸಹಿಸಿಕೊಂಡು ಘಮ್ಮೆನ್ನುವ ಬಿಳಿ ಸುಗಂಧಿ ಪಕ್ಕದ ಮನೆಯ ಮುತ್ತಕ್ಕನ ಬೇಲಿಯುದ್ದಕ್ಕೂ ಇತ್ತು. ಶುಂಠಿಯ ಜಾತಿಯದು, ಗೆಡ್ಡೆ ಊರಿದರೆ ಸಾಕು. ಹೋಗಿ ಒಂದು ಗೆಡ್ಡೆ ಕೇಳಿದೆ.

“ಛೇ ಛೇ, ಕೊಟ್ಟದ್ದು ಬರೋದಿಲ್ಲ ಮಾರಾಯ್ರೇ!” ಎಂದು ಮುತ್ತಕ್ಕ ಗಾಬರಿಯಾದರು. “ಕದ್ದುಕೊಂಡೇ ಹೋಗ್ಬೇಕು. ನಾನೂ ನಮ್ಮ ಚಿಕ್ಕಮ್ಮನ ಮನೆಯಿಂದ ಹಾಗೇ ತಂದದ್ದು.”

“ನಾನು ಕೋರ್ಟಿನವನು, ಮುತ್ತಕ್ಕ.”

“ಇರ್ಲಿ. ನಾಳೆ ಬೆಳಿಗ್ಗೆ ನಾನು ಪೇಟೆಗೆ ಹೋಗ್ತೇನೆ. ನಾಯಿ ಕಟ್ಟಿರ್ತೇನೆ. ಯಾರು ಬಂದ್ರೂ ನಂಗೆ ಗೊತ್ತಾಗೋದಿಲ್ಲ.”

ಮರುದಿನ ಬೆಳಿಗ್ಗೆ ಬೇಲಿ ದಾಟಿದೆ. ಪಂಚೆ ಮುಳ್ಳಿಗೆ ಸಿಕ್ಕಿಕೊಂಡಿತು. ನಾಯಿ ಬಾಲ ಅಲ್ಲಾಡಿಸಿತು. ಗೆಡ್ಡೆ ಕೀಳಲು ಬಗ್ಗಿದರೆ ಮಣ್ಣನ್ನು ಯಾರೋ ಮೊದಲೇ ಸಡಿಲ ಮಾಡಿಟ್ಟಿದ್ದರು. ಪಕ್ಕದಲ್ಲಿ ಒದ್ದೆ ಗೋಣಿಚೀಲ, ಅದರೊಳಗೆ ನಾನು ಕೇಳದೇ ಇದ್ದ ಮರುಗದ ಕಡ್ಡಿಗಳು, ಕಾಡುಮಲ್ಲಿಗೆಯ ಬೇರುಬಿಟ್ಟ ಬಳ್ಳಿ. ತಲೆ ಎತ್ತಿದೆ. ಪೇಟೆಗೆ ಹೋಗಬೇಕಿದ್ದ ಮುತ್ತಕ್ಕ ಅಡುಗೆಮನೆಯ ಕಿಟಕಿಯಲ್ಲಿ ನನಗೆ ಬೆನ್ನು ಹಾಕಿ ನಿಂತಿದ್ದರು. ಕೂಗಿ ಥ್ಯಾಂಕ್ಸ್ ಹೇಳೋಣವೆಂದರೆ ಕಳ್ಳತನ ಕೆಡುತ್ತದೆ, ಗಿಡ ಬರುವುದಿಲ್ಲ. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಚೀಲ ಹೊತ್ತು ಓಡಿದೆ. ಅಂಗಳದಲ್ಲಿ ಎಲ್ಲವನ್ನೂ ನೆಡುವಾಗ ಅವ್ವನಿಗೆ ಮಾತ್ರ ನಡೆದದ್ದನ್ನು ಹೇಳಿದೆ. ಆಮೇಲೆ ಇಡೀ ಮಳೆಗಾಲ ಬೇಲಿಯ ಬಳಿ ಅವರು ಸಿಕ್ಕಾಗಲೆಲ್ಲ ಮಳೆಯ ವಿಷಯ ಮಾತಾಡಿದೆ.

ಮಳೆ ಕಡಿಮೆಯಾಗುತ್ತಿದ್ದ ಹಾಗೆ ಒಂದು ಸಂಜೆ ಸುಗಂಧಿ ಅರಳಿತು. ಅವ್ವ ಯಾರನ್ನೂ ಕರೆಯದೆ ಕುರ್ಚಿಯಿಂದೆದ್ದಳು. ಗೋಡೆ ಹಿಡಿದು ಮೆಟ್ಟಿಲಿಳಿದು, ಮರುಗವನ್ನು ಸವರಿ ಕೈ ಮೂಸಿಕೊಂಡು, ನೆಟ್ಟಗೆ ಸುಗಂಧಿಯ ಹತ್ತಿರ ಹೋಗಿ ನಿಂತಳು. ಹಿಡಿದುಕೊಳ್ಳಲು ಹೊರಟ ನನ್ನನ್ನು ಹೆಂಡತಿ ತಡೆದಳು. ಅವ್ವ ಬೇಲಿಯ ಕಡೆ ಮುಖ ಮಾಡಿ ಗಟ್ಟಿಯಾಗಿ ಕೂಗಿದಳು: “ಯಾರವ್ವಾ ಅಲ್ಲಿ? ನನ್ನ ಮಗ ನಿಮ್ಮನೆ ಸುಗಂಧಿ ಕದ್ದವ್ನೆ ಕಣವ್ವ! ಬಲು ಚೆಂದಾಗಿ ಬಂದೈತೆ!”

“ಅಯ್ಯೋ ದೇವ್ರೇ, ನಂಗೆ ಗೊತ್ತೇ ಆಗ್ಲಿಲ್ಲ ಅಮ್ಮಾ!” ಎಂದಿತು ಆಚೆಯಿಂದ ಮುತ್ತಕ್ಕನ ದನಿ.

ಇಬ್ಬರೂ ನಗತೊಡಗಿದರು. ಎದುರು ಮನೆಯ ಕಿಟಕಿಗಳು ತೆರೆದುಕೊಂಡವು. ಇಷ್ಟು ವರ್ಷದ ನೌಕರಿಯಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲದ ನಾನು ಅಂಗಳಕ್ಕಿಳಿದು, “ಹೌದು ಮುತ್ತಕ್ಕ, ನಾನೇ ಕದ್ದದ್ದು” ಎಂದೆ. ಮೊದಲ ಸಲ ಹೇಳಿದ್ದು ನನಗಷ್ಟೇ ಕೇಳಿಸಿತು. ಎರಡನೇ ಸಲ ಹೇಳಿದ್ದು ಇಡೀ ಓಣಿಗೆ ಕೇಳಿಸಿತು.