ಸದ್ದಿಲ್ಲದ ಡಬ್ಬಿ

ಈರೇಶನಿಗೆ ಅಂದು ಒದಗಿದ ಫಜೀತಿಗೆಲ್ಲ ಕಾರಣ ಒಂದು ಫ್ಯಾನು. ಅದೂ ಇದ್ದ ಫ್ಯಾನಲ್ಲ, ಅವನೇ ಬುದ್ಧಿ ಓಡಿಸಿ ಕಿತ್ತುಹಾಕಿದ ಫ್ಯಾನು.

ಇದು ಎರಡು ಸಾವಿರದ ನಾಲ್ಕನೇ ಇಸವಿಯ ಮಾತು. ಮೊಳಕಾಲ್ಮೂರಿನಲ್ಲಿ ಈರೇಶನದು ಟಿವಿ ರಿಪೇರಿ ಅಂಗಡಿ. ಜನ ಹೊಸ ಹೊಸ ಟಿವಿ ಕೊಳ್ಳತೊಡಗಿದ್ದರು, ಆ ಹಾಳಾದವು ಕೆಡುತ್ತಲೇ ಇರಲಿಲ್ಲ. ಬೆಸುಗೆ ಕಡ್ಡಿ ಬಿಸಿಯಾಗದೆ ವಾರಗಳೇ ಕಳೆಯುತ್ತಿದ್ದವು. ಆಗ ಈರೇಶ ಒಂದು ಕಂಪ್ಯೂಟರ್ ಕಟ್ಟಲು ಕೂತ. ಆ ಕಾಲಕ್ಕೆ ಕಂಪ್ಯೂಟರ್ ಎಂದರೆ ಅರ್ಧ ಮೂಟೆ ಅಕ್ಕಿಯಂತೆ ಮೇಜಿನ ಕೆಳಗೆ ನಿಂತು, ಹಿಟ್ಟಿನ ಗಿರಣಿಯಂತೆ ಗೊರಗುಟ್ಟುವ ವಸ್ತು. ಈರೇಶ ಮೂರು ತಿಂಗಳಲ್ಲಿ ಕಟ್ಟಿದ ಕಂಪ್ಯೂಟರ್ ಉದ್ದ ಒಂದು ಗೇಣು, ಅಗಲ ಒಂದು ಗೇಣು, ದಪ್ಪ ನಾಲ್ಕು ಬೆರಳು.

ಅದನ್ನು ನೋಡಬೇಕಿತ್ತು. ಬೆಂಗಳೂರಿನಿಂದ ತರಿಸಿದ ಪುಟ್ಟ ಮದರ್‌ಬೋರ್ಡು, ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿದ ಹಾರ್ಡ್‌ಡಿಸ್ಕು, ತಾನೇ ಮಡಚಿ ಬೆಸೆದ ತಗಡಿನ ಪೆಟ್ಟಿಗೆ. ಸದ್ದು ಮಾಡುವ ಫ್ಯಾನು ಬೇಡವೆಂದು ತೆಗೆದು, ಬಿಸಿ ತಾನಾಗಿ ಮೇಲೇರಿ ಹೋಗಲೆಂದು ಮುಚ್ಚಳಕ್ಕೆ ಕೈಡ್ರಿಲ್ಲಿನಲ್ಲಿ ಮುನ್ನೂರು ತೂತು ಕೊರೆದಿದ್ದ. ಒಂದು ತೂತೂ ಸಾಲು ಬಿಟ್ಟಿರಲಿಲ್ಲ. ಒಳಗಿನ ವೈರುಗಳನ್ನು ರೇಷ್ಮೆ ಎಳೆಯಿಂದ ಜಡೆ ಹಾಕಿ ಕಟ್ಟಿದ್ದ. ಆ ಎಳೆ ಕೊಟ್ಟವಳು ಅವನ ಅವ್ವ, ಮಗ್ಗದವರಿಗೆ ನೂಲು ಸುತ್ತಿಕೊಡುವ ರೇಣುಕಮ್ಮ. ಮುಚ್ಚಳ ತೆಗೆದು ತೋರಿಸಿದಾಗ ಅವಳು ಬಹಳ ಹೊತ್ತು ನೋಡಿ, "ಹತ್ತು ಗಜದ ಸೀರೆನ ಬೆಂಕಿಪೊಟ್ಟಣದಾಗೆ ಮಡಚಿಟ್ಟಂಗೈತೆ ಕಣೋ" ಎಂದಳು. ಅವಳ ಬಾಯಲ್ಲಿ ಅಷ್ಟು ದೊಡ್ಡ ಹೊಗಳಿಕೆ ಈರೇಶ ಅದುವರೆಗೆ ಕೇಳಿರಲಿಲ್ಲ.

ಆ ಪೆಟ್ಟಿಗೆಯ ಕೆಲಸ ಆಟ ಆಡಿಸುವುದು. ಹಿಂದೆ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಗೇಮ್ ಡಬ್ಬಿಗಳು ಹತ್ತಾರು ಬಗೆಯವು, ಒಂದರ ಆಟ ಇನ್ನೊಂದರಲ್ಲಿ ನಡೆಯದು. ಎಮ್ಯುಲೇಟರ್ ಎಂಬ ಸಾಫ್ಟ್‌ವೇರ್ ಹಾಕಿದರೆ ಒಂದೇ ಕಂಪ್ಯೂಟರ್ ಹಗಲುವೇಷದವರ ಹಾಗೆ ಆ ಎಲ್ಲ ಡಬ್ಬಿಗಳ ವೇಷವನ್ನೂ ಹಾಕಬಲ್ಲದು. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮಲ್ಲಿಕಾರ್ಜುನಪ್ಪನವರದು ಬಸ್ ನಿಲ್ದಾಣದ ಎದುರಿಗೆ ಒಂದು ಮಳಿಗೆ ಖಾಲಿ ಇತ್ತು. ಅಲ್ಲಿ ಗಂಟೆಗಿಷ್ಟೆಂದು ದುಡ್ಡು ಪಡೆದು ಆಟ ಆಡಿಸಬೇಕೆಂಬುದು ಈರೇಶನ ಆಸೆ. "ಅದೇನೋ ಕಂಪ್ಯೂಟರ್ ಆಟ ಅಂತೀಯಲ್ಲ, ಮನೆಗೆ ತಂದು ತೋರ್ಸು. ಮನಸಿಗೆ ಬಂದ್ರೆ ಮಳಿಗೆ ನಿಂಗೆ" ಎಂದಿದ್ದರು.

ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಈರೇಶ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ, ಎದೆಗವುಚಿಕೊಂಡು ಚಳ್ಳಕೆರೆ ಬಸ್ ಹತ್ತಿದ. ಪಕ್ಕದಲ್ಲಿ ಕೂತ ಯರ್ರಮ್ಮ ಎಂಬ ಮುದುಕಿ ಅವನು ಆ ಗಂಟನ್ನು ಹಿಡಿದ ರೀತಿ ನೋಡಿ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟಳು.

"ಎಷ್ಟು ತಿಂಗಳು ನಾಯನಾ?" ಎಂದು ಕೇಳಿದಳು.

"ಮೂರು" ಎಂದ ಈರೇಶ, ಕಟ್ಟಲು ಹಿಡಿದ ಕಾಲ ನೆನೆದು.

"ಪಾಪ, ಸದ್ದೇ ಇಲ್ಲ. ಮುಖ ಮುಚ್ಚಬ್ಯಾಡ, ಗಾಳಿ ಆಡ್ಲಿ" ಎಂದು ಅವಳು ಟವೆಲು ಸರಿಸಿ, ಮುನ್ನೂರು ತೂತು ನೋಡಿ, ಚಳ್ಳಕೆರೆ ಬರುವ ತನಕ ಅವನೊಡನೆ ಮಾತಾಡಲಿಲ್ಲ.

ಮಲ್ಲಿಕಾರ್ಜುನಪ್ಪ ಮಿಲ್ಲಿಗೆ ಹೋಗಿದ್ದರು. ಅವರ ಹೆಂಡತಿ ಸರ್ವಮಂಗಳ "ಕೂತ್ಕೊಳ್ರಿ, ಕಾಫಿ ತರ್ತೀನಿ" ಎಂದು ಒಳಗೆ ಹೋದರು. ನಡುಮನೆಯಲ್ಲಿ ಮೂರು ದಿನದ ಹಿಂದೆ ಬಂದ ಇಪ್ಪತ್ತೊಂಬತ್ತು ಇಂಚಿನ ಟಿವಿ ಗರ್ಭಗುಡಿಯ ದೇವರಂತೆ ಶೋಕೇಸಿನೊಳಗೆ ಕೂತಿತ್ತು. ಅದನ್ನು ಮಾರಿದ ವೀರೇಶ ಚಾನೆಲ್ ಸರಿಮಾಡಿಕೊಡುವ ನೆಪದಲ್ಲಿ ಬಂದು ಉಪ್ಪಿಟ್ಟು ತಿನ್ನುತ್ತಿದ್ದ. ಟಿವಿಗೆ ವೈರು ಸಿಕ್ಕಿಸುವ ತೂತುಗಳೆಲ್ಲ ಹಿಂಬದಿಗಿದ್ದವು. ಈರೇಶ ಮಂಡಿಯೂರಿ ಪೆಟ್ಟಿಗೆಯನ್ನು ಟಿವಿಯ ಹಿಂದಕ್ಕೆ ತಳ್ಳಿ, ವೈರು ಸಿಕ್ಕಿಸಿ, ಸ್ವಿಚ್ ಹಾಕಿದ. ಪೆಟ್ಟಿಗೆಯ ಮುಂದಿನ ಕೆಂಪು ದೀಪ ಹತ್ತಿತು. ಬೇರೆ ಕಂಪ್ಯೂಟರಿನಂತೆ ಬಿಳಿ ಅಕ್ಷರ ಕಾರದೆ, ಸೀದಾ ಆಟಗಳ ಪಟ್ಟಿಯೇ ತೆರೆಯುವಂತೆ ಅವನು ಮಾಡಿದ್ದ. ಅದಕ್ಕೇ ಮೂರು ವಾರ ಹಿಡಿದಿತ್ತು.

ಕಾಫಿ ತಂದ ಸರ್ವಮಂಗಳ ಲೋಟ ಹಿಡಿದುಕೊಂಡೇ ನಿಂತರು. ಪರದೆಯ ಮೇಲೆ ಕೆಂಪು ಕಾರೊಂದು ಬೆಟ್ಟದ ರಸ್ತೆಯಲ್ಲಿ ಓಡುತ್ತಿತ್ತು. ಈರೇಶ ಆಟ ಆಡುವ ಗುಂಡಿಗಳಿದ್ದ ಹಿಡಿಯೊಂದನ್ನು ಅವರತ್ತ ಚಾಚಿದ.

"ಹಿಡೀರಿ ಅಮ್ಮ, ಈ ಗುಂಡಿ ಒತ್ತಿದ್ರೆ ಓಡ್ತೈತೆ, ಇದು ತಿರುಗ್ಸಕ್ಕೆ."

"ನಂಗೆಲ್ಲಿ ಬರ್ತೈತೆ" ಎಂದು ಹಿಡಿದ ಸರ್ವಮಂಗಳ ಮುಂದೆ ಒಂದು ಗಂಟೆ ಕೆಳಗಿಡಲಿಲ್ಲ. ಒಲೆಯ ಮೇಲಿನ ಸಾರು ಸೀದಿತು. ಸೀದ ವಾಸನೆ ಹಿಡಿದು ವಿಚಾರಿಸಲು ಬಂದ ಪಕ್ಕದ ಮನೆಯ ಲಕ್ಷ್ಮೀದೇವಿ ಎರಡನೆಯ ಹಿಡಿ ಹಿಡಿದು ಕೂತರು. ಕಾರು ಎಡಕ್ಕೆ ತಿರುಗಿದರೆ ಅವರೂ ಎಡಕ್ಕೆ ವಾಲುತ್ತಿದ್ದರು. ಒಂದು ದೊಡ್ಡ ತಿರುವಿನಲ್ಲಿ ಪೂರ್ತಿ ವಾಲಿ ವೀರೇಶನ ಉಪ್ಪಿಟ್ಟಿನ ತಟ್ಟೆಗೆ ಢಿಕ್ಕಿ ಹೊಡೆದರು. ಮಧ್ಯೆ ಕರೆಂಟು ಹೋಯಿತು. ಇಬ್ಬರೂ ಉಸಿರು ಬಿಗಿಹಿಡಿದು ಕೂತರೇ ಹೊರತು ಎದ್ದು ಹೋಗಲಿಲ್ಲ. ಕರೆಂಟು ಬಂದ ಒಂದೇ ನಿಮಿಷಕ್ಕೆ ಆಟ ತಾನಾಗಿ ಮರಳಿತು. ಈರೇಶನಿಗೆ ಕಣ್ಣು ತುಂಬಿ ಬಂತು.

ಹನ್ನೆರಡಕ್ಕೆ ಮಲ್ಲಿಕಾರ್ಜುನಪ್ಪ ಬಂದರು. "ಏನಿದು ಸಂತೆ?" ಎಂದು ಗದರಿದವರು, ಪರದೆ ನೋಡುತ್ತ ನೋಡುತ್ತ ಚಪ್ಪಲಿ ಬಿಡುವುದನ್ನೂ ಮರೆತು ಕೂತರು. ತಮ್ಮ ಲಾರಿ ಡ್ರೈವರುಗಳಿಗೆ ಬೈಯುವ ಬೈಗಳನ್ನೆಲ್ಲ ತಮಗೇ ಬೈದುಕೊಳ್ಳುತ್ತ ಎರಡು ಗಂಟೆ ಕಾರು ಓಡಿಸಿದರು. ಆಮೇಲೆ ವಿಮಾನ ಹಾರಿಸಿದರು. ಊಟಕ್ಕೆ ಏಳದೆ, ಅನ್ನ ಕಲಸಿದ ಕೈಯನ್ನು ಮೇಲೆತ್ತಿ ಹಿಡಿದು ಎಡಗೈಯಲ್ಲಿ ಶತ್ರುಗಳನ್ನು ಹೊಡೆದರು.

"ಅದ್ಭುತ ಕಣಯ್ಯ. ಇಂಥದ್ದು ನಾನು ಬಳ್ಳಾರೀಲೂ ನೋಡಿಲ್ಲ" ಎಂದರು ಕೊನೆಗೆ ಕೈ ತೊಳೆದು. ಮಳಿಗೆಯ ಮೇಲೆ ತೂಗಹಾಕುವ ಬೋರ್ಡಿನ ಬಣ್ಣ ಯಾವುದಿರಲಿ ಎಂದು ಈರೇಶ ಯೋಚಿಸತೊಡಗಿದ.

"ಸರಿ, ಹೊತ್ತಾಯ್ತು. ಇನ್ನು ನಿನ್ ಕಂಪ್ಯೂಟರ್ ತೋರ್ಸು. ಎಲ್ಲೈತೆ, ಬಸ್ಸಿನ ಮ್ಯಾಲೆ ಬಿಟ್ಟು ಬಂದಿಯಾ?"

ಈರೇಶನಿಗೆ ಅರ್ಥವಾಗಲಿಲ್ಲ. "ಇಷ್ಟೊತ್ತು ನೀವು ಆಡಿದ್ದು ಅದೇ ಸಾರ್."

"ನಾನು ಆಡಿದ್ದು ಟಿವಿ. ನೀನು ಟಿವಿ ಬಲ್ಲೋನು, ಅದ್ರೊಳಗಿನ ಆಟ ಹುಡುಕಿ ತೆಗ್ದೆ. ವೀರೇಶ, ಇಷ್ಟೆಲ್ಲ ಐತೆ ಅಂತ ನೀನು ಹೇಳ್ಳೇ ಇಲ್ವಲ್ಲೋ."

ವೀರೇಶ ಅಂಗಿಯ ಮೇಲೆ ಒಣಗಿದ ಉಪ್ಪಿಟ್ಟು ಕೆರೆದುಕೊಳ್ಳುತ್ತ, "ನಮ್ ಅಂಗಡಿ ಮಾಲು ಅಂದ್ರೆ ಹಂಗೇ ಸಾರ್" ಎಂದ.

ಈರೇಶ ಟಿವಿಯ ಹಿಂದಿನಿಂದ ಪೆಟ್ಟಿಗೆಯನ್ನು ಈಚೆಗೆಳೆದ. "ಸಾರ್, ಇದು ಕಂಪ್ಯೂಟರ್."

ಮಲ್ಲಿಕಾರ್ಜುನಪ್ಪ ಬಗ್ಗಿ ಬೂದು ಬಣ್ಣ, ಕೆಂಪು ದೀಪ, ತೂತುಗಳನ್ನು ನೋಡಿದರು. ಕಿವಿಯಿಟ್ಟು ಆಲಿಸಿದರು. "ಇದು ಸ್ಟೆಬಿಲೈಜರ್ರು, ಕರೆಂಟು ಹೆಚ್ಚುಕಮ್ಮಿ ಆಗ್ದಂಗೆ ನೋಡ್ಕಳೋದು. ಟಿವಿ ಜೊತೆ ಕೊಡ್ತೀನಿ ಅಂದಿದ್ದ ವೀರೇಶ, ಕೊಟ್ಟಿದಾನೆ." ಕೊಡದ ವೀರೇಶ ಗೋಡೆಯ ಕ್ಯಾಲೆಂಡರ್ ಓದತೊಡಗಿದ.

"ಬೇಕಾರೆ ನೋಡ್ರಿ" ಎಂದು ಈರೇಶ ಪೆಟ್ಟಿಗೆಯ ಪ್ಲಗ್ ಕಿತ್ತ. ಆಟ ಮಾಯವಾಗಿ ಪರದೆ ಕಪ್ಪಾಯಿತು.

"ಸ್ಟೆಬಿಲೈಜರ್ ಕಿತ್ರೆ ಯಾವ ಟಿವಿನೂ ಆರ್ತೈತೆ" ಎಂದರು ಮಲ್ಲಿಕಾರ್ಜುನಪ್ಪ.

ಈರೇಶ ಮುಚ್ಚಳ ಬಿಚ್ಚಿ ರೇಷ್ಮೆ ಜಡೆ ತೋರಿಸಿದ. "ಎಷ್ಟು ಚಂದ ಐತ್ರೀ" ಎಂದರು ಸರ್ವಮಂಗಳ. ಅವರ ಗಂಡನೂ ತಲೆದೂಗಿ, "ಕಂಪ್ನಿಯೋರು ಸ್ಟೆಬಿಲೈಜರ್‌ಗೂ ಏನು ಕೈಕೆಲಸ ಮಾಡಿದಾರೆ ನೋಡು" ಎಂದರು. ಈರೇಶ ಬೆವರುತ್ತ, ಇದು ಬೇರೆ ಬೇರೆ ಡಬ್ಬಿಗಳ ವೇಷ ಹಾಕುವ ಯಂತ್ರವೆಂದು ವಿವರಿಸಿದ.

"ವೇಷ ಅಂತ ನೀನೇ ಒಪ್ಕಂಡೆ. ಸ್ಟೆಬಿಲೈಜರ್‌ಗೆ ಕಂಪ್ಯೂಟರ್ ವೇಷ ಹಾಕ್ಸಿ ನನ್ ಮುಂದೆ ತಂದಿದೀಯ. ನಮ್ ಮಿಲ್ಲಿನಾಗೂ ಕಂಪ್ಯೂಟರ್ ಐತೆ ಕಣಪ್ಪ. ಅದು ಶುರುವಾದ್ರೆ ಪಕ್ಕದೋರು ಮಾತಾಡಿದ್ದು ಕೇಳಲ್ಲ."

ಮೂರು ತಿಂಗಳು ಈರೇಶ ಕಂಪ್ಯೂಟರಿನ ಸದ್ದಡಗಿಸಿದ್ದು ಇಂಥ ಮಾತು ಕೇಳುವುದಕ್ಕೆ. ಅವನು ನಿಧಾನವಾಗಿ ಮುಚ್ಚಳ ಹಾಕಿ, "ಇದು ನಂದು ಸಾರ್, ತಗಂಡು ಹೋಗ್ತೀನಿ" ಎಂದ. "ತಗಂಡು ಹೋಗು, ಇನ್ನೊಂದು ಕೊಡ್ತಾನೆ ವೀರೇಶ" ಎಂದು ಮಲ್ಲಿಕಾರ್ಜುನಪ್ಪ ಉದಾರವಾಗಿ ಹೇಳಿ, ಮಳಿಗೆಯಲ್ಲಿ ಇಂಥವೇ ಟಿವಿ ಇಟ್ಟು ಆಟ ಆಡಿಸುವ ಮಾತನ್ನು ವೀರೇಶನೊಡನೆ ತೆಗೆದರು.

ನಿಲ್ದಾಣದಲ್ಲಿ ಮೊಳಕಾಲ್ಮೂರಿನ ಬಸ್ ಇನ್ನೇನು ಹೊರಡಬೇಕು, ಮಿಲ್ಲಿನ ಕಾವಲುಗಾರ ಮಾರಯ್ಯ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತ ಬಂದ.

"ಇಳೀರಿ ಮೇಸ್ತ್ರೀ. ಸಾಹುಕಾರ್ರು ಕರೀತವ್ರೆ."

ಈರೇಶ ಕಿಟಕಿಯಿಂದ ತಲೆ ಹೊರಹಾಕಿದ. "ಗೊತ್ತಾಯ್ತಾ ಅವ್ರಿಗೆ?"

"ಏನು ಗೊತ್ತಾಗ್ಬೇಕು? ಟಿವಿ ಕೆಟ್ಟೈತೆ. ಹೊಸ ಸ್ಟೆಬಿಲೈಜರ್ ಹಾಕಿದ್ರೂ ಆಟ ಬರ್ತಿಲ್ಲ. ಅಮ್ಮಾವ್ರು ಊಟ ಬಿಟ್ಟವ್ರೆ. ವೀರೇಶಪ್ಪಂಗೆ ರಿಪೇರಿ ಬರಲ್ವಂತೆ."

ಈರೇಶ ಬಸ್ಸನ್ನೂ ಸೈಕಲ್ಲನ್ನೂ ನೋಡಿದ. ತಿಂಗಳುಗಟ್ಟಲೆ ಅವನನ್ನು ಯಾರೂ ರಿಪೇರಿಗೆಂದು ಕರೆದಿರಲಿಲ್ಲ. ಇಳಿದು ಕ್ಯಾರಿಯರ್ ಮೇಲೆ ಕೂತ.

ಮನೆಯಲ್ಲಿ ಎಲ್ಲರೂ ಸರಿದು ದಾರಿ ಬಿಟ್ಟರು. ಈರೇಶ ಟಿವಿಯ ಹಿಂದೆ ಹೋಗಿ ಪೆಟ್ಟಿಗೆ ಸಿಕ್ಕಿಸಿದ. ಕೆಂಪು ಕಾರು ಬೆಟ್ಟದ ರಸ್ತೆಗೆ ಬಂತು. ಸರ್ವಮಂಗಳ ಸೆರಗು ಸಿಕ್ಕಿಸಿಕೊಂಡು ಮುಂದೆ ಕೂತರು.

ಮಲ್ಲಿಕಾರ್ಜುನಪ್ಪ ಅವನ ಎರಡೂ ಕೈ ಹಿಡಿದುಕೊಂಡರು. "ಒಂದು ನಿಮಿಷ ಹಿಡೀಲಿಲ್ಲ ನೋಡು. ಏನು ಕೈ ಅಯ್ಯಾ ನಿಂದು. ಆ ಕಂಪ್ಯೂಟರ್ ಹುಚ್ಚು ಬಿಡು, ರಿಪೇರಿ ನಿನ್ನ ಕೈ ಹಿಡಿದೈತೆ. ಮಳಿಗೆಗೆ ನಾಳೆ ಇಂಥವೇ ಐದು ಟಿವಿ ಬರ್ತಾವೆ. ಅವ್ಕೂ ಇದೇ ರೋಗ ಇದ್ರೆ ನಿನ್ನೇ ಕರೆಸ್ತೀನಿ, ಬಂದು ವಾಸಿ ಮಾಡ್ಬೇಕು."